ಎಕ್ಸ್‌ರೇ ಅಕ್ಕೋರು ಕೊಟ್ಟ ಒಂದೇ ರಿಪೋರ್ಟು

ನನ್ನ ಎಡಗಡೆಯ ಒಂದು ಪಕ್ಕೆಲುಬು ಹುಟ್ಟಿನಿಂದಲೇ ತುದಿಯಲ್ಲಿ ಕವಲೊಡೆದಿದೆ. ಅದರಿಂದ ನನಗೆ ತೊಂದರೆಯೂ ಇಲ್ಲ, ಲಾಭವೂ ಇಲ್ಲ. ಆದರೆ ಈ ಸಂಗತಿಯನ್ನು ನೆನಪಿಟ್ಟುಕೊಂಡವರು ಜಗತ್ತಿನಲ್ಲಿ ಇಬ್ಬರೇ ಇದ್ದೆವು. ನಮ್ಮಲ್ಲಿ ಒಬ್ಬರು ಹೋದ ತಿಂಗಳು ತೀರಿಕೊಂಡರು. ಈಗ ಆ ಪಕ್ಕೆಲುಬಿನ ಪೂರ್ತಿ ಜವಾಬ್ದಾರಿ ನನ್ನೊಬ್ಬನ ಮೇಲೆ ಬಿದ್ದಿದೆ.

ಅವರು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದರು. ಅದೇ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಹಿಂದೆ ನಾನು ಕೂರುತ್ತೇನೆ. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಎಕ್ಸ್‌ರೇ ಅಕ್ಕೋರು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಒಂದು ಕಾಯಿಲೆ ಇರುತ್ತದೆ. ಬಂದ ರೋಗಿಗಳ ಕಾಯಿಲೆಯೆಲ್ಲ ನಮಗೇ ಬಂದಂತೆ ಅನಿಸುವ ಕಾಯಿಲೆ. ಒಂದು ಚಳಿಗಾಲ ಕೆಮ್ಮು ನಿಲ್ಲಲಿಲ್ಲ. ಹೋಗಿ ಅವರ ಮುಂದೆ ಎದೆ ಕೊಟ್ಟು ನಿಂತೆ. ಒದ್ದೆ ಫಿಲಂ ಅನ್ನು ದೀಪದ ಪೆಟ್ಟಿಗೆಗೆ ಹಿಡಿದು ನೋಡಿ ಅಕ್ಕೋರು "ಹ್ಞೂಂ" ಅಂದರು.

"ಏನ್ ಅದ ಅಕ್ಕೋರ?"

"ಡಾಕ್ಟರ್ ಹೇಳ್ತಾರ."

"ನೀವ ಹೇಳ್ರಲಾ. ಹೆಂಗೂ ನೋಡೀರಿ."

"ನಾ ನೋಡಾಕಿ. ಹೇಳಾಕಿ ಅಲ್ಲ."

ಡಾಕ್ಟರು ರಜೆಯ ಮೇಲೆ ಇದ್ದರು. ಅವರು ಬರುವವರೆಗೆ ನಾನು ಮಲಗಲಿಲ್ಲ. ಹೆಂಡತಿಗೆ ವಿಮೆಯ ಕಾಗದ ಎಲ್ಲಿದೆ ಎಂದು ತೋರಿಸಿದೆ; ಅವಳು ಅದರ ಮೇಲೆ ಹಪ್ಪಳ ಒಣಹಾಕಿದಳು. ಡಾಕ್ಟರು ಬಂದು ಕಣ್ಣು ಮಿಟುಕಿಸುವಷ್ಟು ಹೊತ್ತು ಫಿಲಂ ನೋಡಿ, "ಪಕ್ಕೆಲುಬು ಕವಲಾಗ್ಯಾದ, ಹುಟ್ಟಾ ಇರ್ತದ. ಬಿಸಿನೀರು ಕುಡೀರಿ" ಎಂದು ಕಳಿಸಿದರು. ಅವರು ಆ ಸಂಜೆಗೇ ಮರೆತರು. ಅಕ್ಕೋರು ಮರೆಯಲಿಲ್ಲ. ನನ್ನ ಚಿಂತೆ ನೋಡಿ ಮರುದಿನದಿಂದ ನನಗೆ ಫಿಕರ್ ಸಾಹೇಬ ಎಂದು ಹೆಸರಿಟ್ಟರು. "ಫಿಕರ್ ಸಾಹೇಬರ, ಚಾ ಕುಡದ್ರೇನು? ಕವಲ ಪಕ್ಕಡಿ ಹೆಂಗದ?"

ನೋಡುವುದು ತಮ್ಮ ಕೆಲಸ, ಹೇಳುವುದು ಬೇರೆಯವರದು ಎಂಬ ಆ ಗೆರೆಯನ್ನು ಅವರು ಎಂದೂ ದಾಟಲಿಲ್ಲ. ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತಿತ್ತು: ಯಾರ ಶ್ವಾಸಕೋಶದಲ್ಲಿ ನೆರಳಿದೆ, ಯಾವ ಮುದುಕಿಯ ಸೊಂಟ ಇನ್ನು ಕೂಡುವುದಿಲ್ಲ. ಕತ್ತಲೆಕೋಣೆಯಿಂದ ಅವರು ಹೊರಬರುತ್ತಿದ್ದಂತೆ ಜನ ಫಿಲಂ ನೋಡುತ್ತಿರಲಿಲ್ಲ, ಅವರ ಮುಖ ನೋಡುತ್ತಿದ್ದರು. ಆ ಮುಖದಲ್ಲಿ ಏನೂ ಸಿಗುತ್ತಿರಲಿಲ್ಲ. ಹಾಗಂತ ಮೆತ್ತಗಿನ ಹೆಂಗಸೇನಲ್ಲ. "ಉಸುರು ಹಿಡೀರಿ!" ಎಂದು ಅವರು ಕೂಗಿದರೆ ಕೆಳಗಡೆ ಔಷಧಿ ಅಂಗಡಿಯಲ್ಲಿ ನಿಂತವರೂ ಹಿಡಿಯುತ್ತಿದ್ದರು. "ಬಿಡ್ರಿ" ಅನ್ನುವುದನ್ನು ಒಮ್ಮೊಮ್ಮೆ ಮರೆಯುತ್ತಿದ್ದರು.

ಒಂದೇ ಕೋನದಿಂದ ತೆಗೆದ ಎಕ್ಸ್‌ರೇ ಅವರಿಗೆ ಸೇರುತ್ತಿರಲಿಲ್ಲ. ಡಾಕ್ಟರು ಒಂದು ಬರೆದಿದ್ದರೂ ಇವರು ಎರಡು ತೆಗೆದು ನನ್ನ ಬಿಲ್ಲಿಗೆ ತಲೆನೋವು ತರುತ್ತಿದ್ದರು. "ನೆಟ್ಟಗೊಂದು, ಅಡ್ಡಕ್ಕೊಂದು. ಒಂದ ಫಿಲಂ ಸುಳ್ಳ ಹೇಳಬಹುದು ಸಾಹೇಬ. ಎರಡು ಕೂಡಿ ಒಂದೇ ಸುಳ್ಳ ಹೇಳಂಗಿಲ್ಲ."

ಆಮೇಲೆ ಕಂಪ್ಯೂಟರಿನ ಎಕ್ಸ್‌ರೇ ಬಂತು. ಕತ್ತಲೆಕೋಣೆಗೆ ಬೀಗ ಬಿತ್ತು. ಗ್ಲೌಸು, ಹತ್ತಿಯ ಡಬ್ಬಗಳನ್ನು ತುಂಬಿದರು. ಹೊಸದನ್ನು ಅಕ್ಕೋರು ಎಲ್ಲರಿಗಿಂತ ಬೇಗ ಕಲಿತರು, ಎಲ್ಲರಿಗಿಂತ ಹೆಚ್ಚು ಬೈದರು. ನಿವೃತ್ತಿಯ ದಿನ ಶಾಲು ಹೊದಿಸಿದಾಗ, "ಶಾಲು ನನಗ್ಯಾಕ? ಆ ಕೆಂಪು ದೀಪ ಕೊಡ್ರಿ" ಎಂದು ಕತ್ತಲೆಕೋಣೆಯ ಕೆಂಪು ದೀಪ, ತಟ್ಟೆಗಳು, ಕ್ಲಿಪ್ಪುಗಳನ್ನು ಆಟೋದಲ್ಲಿ ಹಾಕಿಕೊಂಡು ಹೋದರು. ಎಕ್ಸ್‌ರೇ ಫಿಲಂಗೆ ಕೆಂಪು ಬೆಳಕು ಕಾಣುವುದಿಲ್ಲ. ಅದಕ್ಕೇ ಫಿಲಂ ತೊಳೆಯುವಾಗ ಕೆಂಪು ದೀಪ ಉರಿಸಿಕೊಳ್ಳಬಹುದು. ನೌಕರಿಯ ಉದ್ದಕ್ಕೂ ಅವರು ಆ ದೀಪದ ಕೆಳಗೇ ಇದ್ದವರು.

ಇನ್ನು ಕ್ಯಾಮೆರಾದ ಮಾತು. ಆಸ್ಪತ್ರೆಗೆ ಬರುತ್ತಿದ್ದ ಹಿರಿಯ ಚರ್ಮದ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ ಮುಚ್ಚುವಾಗ ಅಲಮಾರಿ ಖಾಲಿ ಮಾಡಿ ಅಕ್ಕೋರನ್ನು ಕರೆದರು. ಒಂದರ ಮೇಲೊಂದು ಎರಡು ಕಣ್ಣಿರುವ, ಮೇಲಿನಿಂದ ಬಗ್ಗಿ ನೋಡುವ ಹಳೆಯ ಡಬ್ಬಿ ಕ್ಯಾಮೆರಾ. ಅಂಗೈ ಅಗಲದ ಫಿಲಂ ಹಾಕುವಂಥದ್ದು. ಜೊತೆಗೆ ಎರಡೇ ಎರಡು ಸುರುಳಿ ಇನ್‌ಫ್ರಾರೆಡ್ ಫಿಲಂ. ಕಣ್ಣಿಗೆ ಕಾಣುವ ಕೆಂಪಿನಿಂದ ಆಚೆ ಇರುವ ಬೆಳಕನ್ನು ಹಿಡಿಯುವ ಫಿಲಂ. ತೊಗಲಿನ ಕೆಳಗಿನ ರಕ್ತನಾಳ ನೋಡಲು ಆ ಡಾಕ್ಟರು ಬಳಸುತ್ತಿದ್ದರಂತೆ. ಪೆಟ್ಟಿಗೆಯ ಮೇಲಿನ ಅವಧಿ ಮುಗಿದಾಗ ಕಾಲೇಜು ಓದುವ ನನ್ನ ಮಗಳು ಇನ್ನೂ ಹುಟ್ಟಿರಲಿಲ್ಲ.

"ಸತ್ತ ಫಿಲಂ ಅಕ್ಕೋರ ಇದು" ಅಂದೆ.

"ಫ್ರಿಜ್‌ನ್ಯಾಗ ಇಟ್ಟಿದ್ರು. ನಿದ್ದಿ ಮಾಡ್ಯಾದ."

ಮೊದಲ ಸುರುಳಿಯಲ್ಲಿ ಆಸ್ಪತ್ರೆಯ ಅಂಗಳದ ಬೇವಿನಮರ ತೆಗೆದರು. ಬಗ್ಗಿ ನೋಡುವ ಗಾಜಿನಲ್ಲಿ ಎಡದ್ದು ಬಲಕ್ಕೆ ಕಾಣುತ್ತದೆ. ಮರವನ್ನು ನಡುವೆ ತರಲು ಹೋಗಿ ಅವರು ಹಿಂದೆ ಹಿಂದೆ ಸರಿದು ಆಂಬುಲೆನ್ಸಿಗೆ ಒರಗಿದರು. ಮನೆಗೆ ಹೋಗಿ, ಬಾಗಿಲು ಕಿಟಕಿ ಮುಚ್ಚಿ, ಕೆಂಪು ದೀಪ ಹಚ್ಚಿಕೊಂಡು ಫಿಲಂ ತೊಳೆದರು. ಸುರುಳಿ ಉದ್ದಕ್ಕೂ ಇದ್ದಿಲಿನಂತೆ ಕಪ್ಪಾಗಿ ಬಂತು. ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಕತ್ತಲೆಕೋಣೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ಕೈಗಳೇ ಮಾಡುವ ತಪ್ಪು ಅದು. ಯಾವ ದೀಪವನ್ನು ಆಯುಷ್ಯವಿಡೀ ನಂಬಿದ್ದರೋ ಅದೇ ಈ ಫಿಲಂಗೆ ನಡುಹಗಲ ಸೂರ್ಯ.

ನಾನಾಗಿದ್ದರೆ ಮುಚ್ಚಿಡುತ್ತಿದ್ದೆ. ಅಕ್ಕೋರು ಆ ಕಪ್ಪು ಸುರುಳಿಯನ್ನು ಕುತ್ತಿಗೆಗೆ ಮಫ್ಲರಿನಂತೆ ಸುತ್ತಿಕೊಂಡು ಆಸ್ಪತ್ರೆಗೆ ಬಂದು ಎಲ್ಲರಿಗೂ ತೋರಿಸಿದರು. "ನೋಡ್ರಿ, ನನ್ನ ಸರ್ವಿಸ್ ಎಲ್ಲಾ ಇದರಾಗ ಅದ!" ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಉಳಿದದ್ದು ಒಂದೇ ಸುರುಳಿ. ಇಂಥದ್ದು ಈಗ ಎಲ್ಲಿಯೂ ತಯಾರಾಗುವುದಿಲ್ಲ. ಅದನ್ನು ನನ್ನ ಮನೆಯ ಫ್ರಿಜ್ಜಿನಲ್ಲಿ ಇಟ್ಟರು, ಅವರದು ಕೆಟ್ಟಿತ್ತು. ಕರೆಂಟು ಹೋದಾಗಲೆಲ್ಲ ನಾನು ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. "ಶೇಂಗಾ ಹಿಂಡಿ ತಗೊಳ್ಳಾಕ ಬಿಡ್ರಿ" ಎಂದು ಹೆಂಡತಿ ಚಟ್ನಿಪುಡಿಗಾಗಿ ಜಗಳ ತೆಗೆಯುತ್ತಿದ್ದಳು.

ಆ ಬೇಸಿಗೆ ಅಕ್ಕೋರ ತಮ್ಮನಿಂದ ಫೋನು ಬಂತು. ಅವರ ತವರು ಕಮಲಾಪುರ. ತಮ್ಮ ಅಲ್ಲಿ ಕೆಂಪು ಬಾಳೆಯ ತೋಟ ಮಾಡುತ್ತಾನೆ. ತೋಟಕ್ಕೆ ಸೊರಗು ರೋಗ ಬಿದ್ದಿದೆ, ಕೆಳಮೂಲೆಯಲ್ಲಿ ಕೆಲವು ಗಿಡ ಹಳದಿಯಾಗಿ ಒಣಗಿವೆ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಸೋಮವಾರ ಜೆಸಿಬಿ ಹೇಳಿದ್ದೇನೆ, ಪೂರಾ ಕಿತ್ತು ಕಬ್ಬು ಹಚ್ಚುತ್ತೇನೆ ಅಂದ. ಆ ತೋಟದ ಮೊದಲ ಕಂದುಗಳನ್ನು ನೆಟ್ಟವಳು ಅವರ ತಾಯಿ. ಅಕ್ಕೋರು ಅಳಲಿಲ್ಲ, ಬೇಡ ಎನ್ನಲೂ ಇಲ್ಲ. "ಕೀಳು. ಕೀಳೂಕಿಂತ ಮೊದಲ ನಾ ಒಂದು ಫೋಟೋ ತಗೀತೀನಿ" ಅಂದರು. ಕೊನೆಯ ಸುರುಳಿ ಅದಕ್ಕೆ ಎಂದು ಅಲ್ಲೇ ತೀರ್ಮಾನವಾಯಿತು.

ಶನಿವಾರ ಬಸ್ಸಿಗೆ ಹೊರಟೆವು. ಬಿಸಿಲು ತಾಗಿದರೆ ಫಿಲಂ ಕೆಡುತ್ತದೆಂದು ಅದನ್ನು ಐಸ್ ತುಂಬಿದ ಥರ್ಮಾಸಿನಲ್ಲಿ ಸ್ಟೀಲ್ ಡಬ್ಬಿಯೊಳಗಿಟ್ಟು ನನ್ನ ತೊಡೆಯ ಮೇಲೆ ಕೂರಿಸಿದ್ದರು. ಕಪನೂರ ದಾಟುವುದರೊಳಗೆ ಪಕ್ಕದ ಸೀಟಿನ ಮುದುಕಪ್ಪನ ಕಣ್ಣು ಅದರ ಮೇಲೆ ಬಿತ್ತು.

"ತಂಪ ನೀರೇನ್ರೀ? ಜರಾ ಕೊಡ್ರಿ."

"ನೀರಲ್ರೀ ಯಜಮಾನರ, ಫಿಲಂ."

"ಸಿನಿಮಾದ್ದೇನು?"

ಅಕ್ಕೋರು ಹಿಂದಿನ ಸೀಟಿನಿಂದ ಬಗ್ಗಿದರು. "ಔಷಧ ಅದ ಮುತ್ಯಾ. ತಗದ್ರ ಕೆಡ್ತದ. ತಗೋ, ನನ್ನ ಬಾಟಲಿ ನೀರು ಕುಡಿ." ಮುತ್ಯಾ ಬಿಸಿನೀರು ಕುಡಿದು ನನ್ನನ್ನು ಮಹಾಗಾಂವದವರೆಗೂ ಜಿಪುಣನನ್ನು ನೋಡುವಂತೆ ನೋಡಿದ.

ಕ್ಯಾಮೆರಾದ ಬೆನ್ನಿಗೆ ಕೆಂಪು ಗಾಜಿನ ಪುಟ್ಟ ಕಿಂಡಿ ಇದೆ. ಫಿಲಂ ಎಷ್ಟು ಸರಿಯಿತು ಎಂದು ಅದರಲ್ಲಿ ನಂಬರು ನೋಡಬೇಕು. ಈ ಫಿಲಂಗೆ ಕೆಂಪೆಂದರೆ ಏನೆಂದು ಈಗ ಅಕ್ಕೋರಿಗೆ ಗೊತ್ತಾಗಿತ್ತು. ಕಿಂಡಿಗೆ ಕಪ್ಪು ಟೇಪು ಹಚ್ಚಬೇಕೆಂದು ನನಗೆ ಹೇಳಿದ್ದರು. ನಾನು ಹಚ್ಚಿದ್ದು ನೋಡಿ, "ಸಾಹೇಬ, ಕ್ಯಾಮೆರಾ ಉಳಿಸೀರೋ ಇಲ್ಲೋ, ಬರೀ ಟೇಪೇ ಕಾಣ್ತದ" ಅಂದರು. ನಂಬರು ಕಾಣದ ಮೇಲೆ ಎಷ್ಟು ತಿರುಗಿಸಬೇಕು? ಹಾಳಾದ ಸುರುಳಿಯ ಹಿಂಬದಿಯ ಕಾಗದವನ್ನು ಕ್ಯಾಮೆರಾಕ್ಕೆ ಹಾಕಿ, ಕಿಂಡಿ ಮುಚ್ಚಿ ತೆರೆದು, ತಮ್ಮನ ಫೋನು ಬರುವ ಮೊದಲೇ ವಾರಗಟ್ಟಲೆ ತಿರುಗಿಸಿ ಕೈಗೆ ಅಭ್ಯಾಸ ಮಾಡಿಕೊಂಡಿದ್ದರು. ತಿರುಗಿಸುವಾಗ ತಾಯಿಯ ಬೀಸುಕಲ್ಲಿನ ಪದ ಗುನುಗುವರು. ಪದ ಎಲ್ಲಿ ನಿಲ್ಲುತ್ತದೋ ಅಲ್ಲಿ ಫಿಲಂ ನಿಂತಿರುತ್ತಿತ್ತು.

ಫಿಲಂ ಹಾಕಲು ಪೂರ್ತಿ ಕತ್ತಲೆ ಬೇಕು. ತಮ್ಮನ ಮನೆಯ ಜೋಳದ ಕೋಣೆಯಲ್ಲಿ ಅಕ್ಕೋರು ಕಂಬಳಿಯ ಮೇಲೆ ಕೌದಿ ಹೊದ್ದು ಕುಳಿತರು. ನಮ್ಮ ಕಡೆಯ ಮೇ ತಿಂಗಳು, ನಡುಮಧ್ಯಾಹ್ನ.

"ಅಕ್ಕಾ, ಬೆವತು ಸತ್ತೀಯವ್ವಾ" ಅಂದ ತಮ್ಮ. "ಈ ಮೊಬೈಲ್‌ನ್ಯಾಗ ತಗದ್ರ ಆಗಂಗಿಲ್ಲೇನು? ಬಣ್ಣನೂ ಬರ್ತದ."

ಕೌದಿ ಮಾತಾಡಿತು: "ಮೊಬೈಲ್‌ಗೆ ನಿನಗ ಕಂಡದ್ದೇ ಕಾಣ್ತದ. ಸುಮ್ಮ ಬಾಗಲಾ ಹಿಡಕೊಂಡು ನಿಂದ್ರು."

ತೋಟದಲ್ಲಿ ಅವರು ಆಸ್ಪತ್ರೆಯ ಅಕ್ಕೋರೇ ಆಗಿಬಿಟ್ಟರು. ಚಿತ್ರ ಹಿಡಿಯುವ ಕೆಳಗಿನ ಕಣ್ಣಿಗೆ ಮಾತ್ರ, ಕೆಂಪು ಮತ್ತು ಅದರಾಚೆಯ ಬೆಳಕನ್ನಷ್ಟೇ ಒಳಬಿಡುವ ರಕ್ತದ ಬಣ್ಣದ ಗಾಜು ಸಿಕ್ಕಿಸಿ, ಮೇಲಿನ ಕಣ್ಣಿಂದ ನೋಡುತ್ತ, ಮೂರುಗಾಲಿನ ಸ್ಟ್ಯಾಂಡು ನೆಟ್ಟು, ಗಾಳಿಗೆ ಅಲುಗುವ ಬಾಳೆ ಎಲೆಗಳನ್ನು ಗದರಿದರು: "ಉಸುರು ಹಿಡೀರಿ!" ಎಲೆಗಳು ಹಿಡಿದವೋ ಇಲ್ಲವೋ, ತಮ್ಮನೂ ನಾನೂ ಹಿಡಿದೆವು. ಕಾಲುವೆಯ ಕಡೆಯಿಂದ ತೆಗೆದರು. ಆಮೇಲೆ ಸುತ್ತು ಹಾಕಿ ರಸ್ತೆಯ ಬದಿಯಿಂದ ಅದೇ ತೋಟವನ್ನು ಅಡ್ಡಕ್ಕೆ ತೆಗೆದರು. ಒಂದು ಚಿತ್ರ ತಮ್ಮನದೂ ಆಯಿತು. "ಇದರಾಗ ತೊಗಲೆಲ್ಲಾ ಹಾಲಿನಂಗ ಬರ್ತದಂತ" ಅಂದರು ಕಪ್ಪು ಮೈಬಣ್ಣದ ಅಕ್ಕೋರು. "ನಮ್ಮವ್ವಗ ಈ ಫಿಲಂ ಗೊತ್ತಿದ್ರ ಗಂಡಿನ ಮನಿಗೆ ಕಳ್ಸಾಕ ಇದರಾಗೇ ನನ್ನ ಫೋಟೋ ತಗಸ್ತಿದ್ಲು."

"ಆಮ್ಯಾಗ ಗಂಡು ಬಂದು ಖುದ್ದ ನೋಡಿದ್ರ?" ತಮ್ಮ ಕೇಳಿದ.

"ನೀ ಬೆಳ್ಳಗ ಇದ್ದೀಯಲ್ಲ, ನಿನಗ ಸೀರಿ ಉಡಿಸಿ ಕೂಡಸ್ತಿದ್ವಿ."

ಭಾನುವಾರ ಫಿಲಂ ತೊಳೆಯುವುದಕ್ಕೆ ಆಸ್ಪತ್ರೆಯ ಹಳೆ ಕತ್ತಲೆಕೋಣೆಯೇ ಬೇಕೆಂದರು. ಮನೆಯ ಕಿಟಕಿಗಳನ್ನು ಅವರು ಇನ್ನು ನಂಬುತ್ತಿರಲಿಲ್ಲ. ಡಬ್ಬಗಳನ್ನೆಲ್ಲ ನಾನೇ ಹೊರಗೆ ಪೇರಿಸಿದೆ. ಯಾವ ದೀಪವೂ ಇಲ್ಲದೆ, ಫಿಲಂನ ಎರಡೂ ತುದಿ ಹಿಡಿದು ತಟ್ಟೆಯ ದ್ರಾವಣದಲ್ಲಿ ತೊಟ್ಟಿಲು ತೂಗಿದಂತೆ ತೂಗಬೇಕು. ಹೊತ್ತು ನೋಡಲು ಒಳಗೆ ಗಡಿಯಾರದ ಬೆಳಕೂ ಆಗದು. ಹೊರಗೆ ನಿಂತು ನಿಮಿಷಕ್ಕೊಮ್ಮೆ ಬಾಗಿಲು ತಟ್ಟುವ ಕೆಲಸ ನನ್ನದು. ಬಾಗಿಲ ಕಾವಲಿಗೆ ಹುಟ್ಟು ಹೆದರುಪುಕ್ಕನಿಗಿಂತ ಒಳ್ಳೆಯವರು ಸಿಗುವುದಿಲ್ಲ.

ಆಗಲೇ ದೊಡ್ಡ ಡಾಕ್ಟರು ಬಂದರು. ಭಾನುವಾರ ಅವರು ಬರುವುದೇ ಇಲ್ಲ.

"ಏನ್ರೀ ಇದು ಡಬ್ಬಾ ಎಲ್ಲಾ ಹೊರಗ? ಬಾಗಲಾ ತಗೀರಿ ನೋಡೂಣು."

ನಾನು ಬಾಗಿಲಿಗೆ ಅಡ್ಡ ನಿಂತೆ. ಬೆನ್ನ ಹಿಂದೆ ಚಿಲಕವನ್ನು ಎರಡೂ ಕೈಯಲ್ಲಿ ಹಿಡಿದೆ. "ತಗಿಯಂಗಿಲ್ರೀ ಸರ್. ಒಳಗ ಎಕ್ಸ್‌ರೇ ಅಕ್ಕೋರು ಇದ್ದಾರ."

"ಅವರು ರಿಟೈರ್ ಆಗಿ ಹೋದ್ರಲ್ರೀ?"

"ಹೌದ್ರಿ ಸರ್. ಆದ್ರ ಒಳಗ ಇದ್ದಾರ."

ಒಳಗಿನಿಂದ ದನಿ ಬಂತು: "ಯಾರದು? ಬಾಗಲಾ ಮುಟ್ಟಿದ್ರ ಮೊದಲ ನಿಮ್ಮ ಕೈದೇ ಎಕ್ಸ್‌ರೇ ತಗೀಬೇಕಾಗ್ತದ!"

ದೊಡ್ಡ ಡಾಕ್ಟರು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಅದೇ ದನಿಯಿಂದ ಬೈಸಿಕೊಂಡವರು. ನಿಮಿಷಕ್ಕೊಮ್ಮೆ ಬಾಗಿಲು ತಟ್ಟಬೇಕೆಂದು ನಾನು ತೊದಲಿದೆ. ಅವರು ತಮ್ಮ ಕೈಗಡಿಯಾರ ನೋಡಿ, "ನಿಮಿಷ ಆತು, ತಟ್ರಿ" ಅಂದರು.

ಫಿಲಂ ಬದುಕಿತ್ತು. ಅಂಚುಗಳು ಮಂಕಾಗಿದ್ದವು, ಕೆಲವು ಚೌಕ ಪೂರಾ ಹೋಗಿದ್ದವು, ಆದರೂ ಬದುಕಿತ್ತು. ನನಗೆ ಕುಣಿಯಬೇಕೆನಿಸಿತು. ಅಕ್ಕೋರು ಒದ್ದೆ ಫಿಲಂ ಅನ್ನು ಹಳೆಯ ದೀಪದ ಪೆಟ್ಟಿಗೆಗೆ ಹಿಡಿದು ನೋಡುತ್ತಾ ನಿಂತರು. ನಿಂತೇ ಇದ್ದರು. ಆಮೇಲೆ "ಹ್ಞೂಂ" ಅಂದರು.

ಆ "ಹ್ಞೂಂ" ಯಾವುದೆಂದು ನನಗೆ ಗೊತ್ತಿತ್ತು.

ಸಂಜೆಯೊಳಗೆ ಸೂಪರ್ ಮಾರ್ಕೆಟ್ ಪೇಟೆಯ ಸ್ಟುಡಿಯೋದಲ್ಲಿ ದೊಡ್ಡ ಪ್ರಿಂಟು ಹಾಕಿಸಿದೆವು. ಸ್ಟುಡಿಯೋದವನು ಕೈಯಲ್ಲಿದ್ದ ಚಹಾ ಮರೆತ. ಮಟಮಟ ಮಧ್ಯಾಹ್ನದ ಆಕಾಶ ಕಪ್ಪು, ಕಾಲುವೆಯ ನೀರು ಕಪ್ಪು, ನಡುವೆ ಇಡೀ ತೋಟ ಜರಡಿ ಹಿಡಿದ ಜೋಳದ ಹಿಟ್ಟಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಬದುಕಿರುವ ಎಲೆ ಈ ಫಿಲಂನಲ್ಲಿ ಬಿಳಿ. ಆದರೆ ಕೆಳಮಗ್ಗುಲಲ್ಲಿ, ನೀರು ನಿಲ್ಲುವ ಕಡೆ, ಒಂದು ಪಟ್ಟಿಯಷ್ಟು ಗಿಡ ಮಸಿಯ ಹಾಗೆ ಕಪ್ಪಿಟ್ಟಿದ್ದವು. ಒಣಗಿದ ಕೆಲವೇ ಗಿಡ ಅಲ್ಲ. ನಾವು ಕಣ್ಣಾರೆ ಹಸಿರು ಕಂಡಿದ್ದ ಸಾಲುಗಳು. ಅದಕ್ಕಿಂತ ಮೇಲೆ, ಅರ್ಧಕ್ಕಿಂತ ಹೆಚ್ಚು ತೋಟ, ಅಪ್ಪಟ ಬಿಳಿ.

"ಅಂದ್ರ ಮ್ಯಾಲಿನ ತ್ವಾಟಾ ಆರಾಮ ಅದ?" ಎಂದೆ. ಹೇಳಿದ ಕೂಡಲೇ ಎಂದಿನಂತೆ ಹೆದರಿದೆ. "ಆದ್ರ ಅಕ್ಕೋರ, ಇದು ಮುದುಕಿ ಫಿಲಂ. ಅದೇ ಅಲ್ಲಿ ಕಲೆ ಬಿದ್ದಿದ್ರ? ತಮ್ಮ ಇದನ್ನ ನಂಬಿ ತ್ವಾಟಾ ಉಳಿಸ್ಕೊಂಡು, ಆಮ್ಯಾಗ ಎಲ್ಲಾ ಹೋದ್ರ? ಕೃಷಿ ಆಫೀಸಿನವರಿಗೆ ಕೇಳೂಣು."

"ಜೆಸಿಬಿ ನಾಳಿಗೆ ಅದ."

ಅವರು ಎರಡು ಪ್ರಿಂಟನ್ನು ಅಕ್ಕಪಕ್ಕ ಇಟ್ಟರು. ಕಾಲುವೆ ಕಡೆಯಿಂದ ತೆಗೆದದ್ದರಲ್ಲಿ ಕಪ್ಪು ಪಟ್ಟಿ ಚಿತ್ರದ ಬುಡದಲ್ಲಿತ್ತು. ರಸ್ತೆ ಕಡೆಯಿಂದ ತೆಗೆದದ್ದರಲ್ಲಿ ಎಡ ಅಂಚಿಗಿತ್ತು. ಫಿಲಂನ ಕಲೆಯಾಗಿದ್ದರೆ ಎರಡರಲ್ಲೂ ಒಂದೇ ಜಾಗದಲ್ಲಿ ಬೀಳಬೇಕಿತ್ತು, ಇಲ್ಲವೇ ಎಲ್ಲೆಂದರಲ್ಲಿ. ಇದು ತೋಟದ ಅದೇ ಸಾಲುಗಳ ಮೇಲೆ ಬಿದ್ದಿತ್ತು.

ಸೋಮವಾರ ಮೊದಲ ಬಸ್ಸಿಗೆ ಹೋದೆವು. ಜೆಸಿಬಿ ತೋಟದ ಬಾಯಲ್ಲಿ ಗುರುಗುಡುತ್ತಿತ್ತು. ತಮ್ಮ ಪ್ರಿಂಟುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಅಕ್ಕನ ಮುಖ ನೋಡಿದ, ಆಸ್ಪತ್ರೆಯ ಜನ ನೋಡುತ್ತಿದ್ದ ಹಾಗೆ.

"ಏನ್ ಅದಕ್ಕಾ ಇದರಾಗ?"

ಎಷ್ಟೋ ಜನರ ಮುಂದೆ ಮುಚ್ಚಿಕೊಂಡಿದ್ದ ಅಕ್ಕೋರ ಬಾಯಿಯನ್ನೇ ನಾನು ನೋಡುತ್ತಾ ನಿಂತಿದ್ದೆ. ಹೇಳಲು ಅಲ್ಲಿ ಇನ್ಯಾವ ಡಾಕ್ಟರೂ ಇರಲಿಲ್ಲ. ತಪ್ಪಾದರೆ ಹೋಗುವುದು ತಮ್ಮನ ವರ್ಷಗಳ ಬೆವರು. ಸುಮ್ಮನಿದ್ದರೆ ಹೋಗುವುದೂ ಅದೇ.

"ನಾ ಹೇಳ್ತೀನಿ ಕೇಳು" ಅಂದರು. "ರೋಗ ಇಲ್ಲಿಂದ ಇಲ್ಲಿತನಾ ಅದ. ನಿನಗ ಹಸರು ಕಾಣೂವೂ ಸೇರಿ. ಇದರ ಮ್ಯಾಗಿಂದು ಗಟ್ಟಿ ಅದ. ಕೆಳಗಿಂದಷ್ಟೇ ಕೀಳು, ನಡುವ ಆಳಕ್ಕ ಕಾಲುವಿ ಹೊಡಿ, ಈ ನೀರು ಆ ಕಡಿ ಹರೀಬಾರದು. ನನ್ನ ಮಾತು ನಂಬಬ್ಯಾಡ. ಕತ್ತಿ ತಾ."

ಕಪ್ಪು ಪಟ್ಟಿಯೊಳಗಿನ, ಕಣ್ಣಿಗೆ ಹಚ್ಚಹಸಿರಾಗಿದ್ದ ಒಂದು ಗಿಡವನ್ನು ಅವರೇ ತೋರಿಸಿದರು. ತಮ್ಮ ಬುಡಕ್ಕೆ ಅಡ್ಡ ಕಡಿದ. ದಿಂಡಿನ ಸುತ್ತ ಕಂದು ಉಂಗುರ ಕಟ್ಟಿತ್ತು, ಹಳೆ ಚಹಾದ ಕಲೆಯಂತೆ. ಮೇಲ್ಮಗ್ಗುಲಲ್ಲಿ ಒಂದನ್ನು ಕಡಿಸಿದರು, ಒಳಗೆ ಹಾಲುಬಿಳುಪು. ತಮ್ಮ ಕತ್ತಿ ಕೆಳಗಿಟ್ಟು ಕುಕ್ಕರುಗಾಲಲ್ಲಿ ಕುಳಿತ. "ಒಂದು ಛಲೋ ಗಿಡ ಕಡಿಸಿದ್ಯಲ್ಲಕ್ಕಾ" ಅಂದ.

"ಪೂರಾ ತ್ವಾಟಾ ಕೀಳಾಕ ನಿಂತಿದ್ದಿ, ಒಂದು ಗಿಡಕ್ಕ ಅಳ್ತೀ?"

ಬಕೆಟ್ಟಿನಲ್ಲಿ ಸುಣ್ಣ ಕಲಸಿ, ಪ್ರಿಂಟು ಕೈಯಲ್ಲಿ ಹಿಡಿದು ಸಾಲಿನಿಂದ ಸಾಲಿಗೆ ನಡೆದು, ಕೀಳಬೇಕಾದ ಪ್ರತಿ ಗಿಡಕ್ಕೂ ಅಕ್ಕೋರು ಪಟ್ಟಿ ಎಳೆದರು. ಸುಣ್ಣದ ಬಕೆಟ್ ಹೊತ್ತವನು ನಾನು. ಜೆಸಿಬಿಯವನು ಅವರು ಕೈ ಎತ್ತಿದಾಗ ಎತ್ತಿದ, ಇಳಿಸಿದಾಗ ಇಳಿಸಿದ. ನನ್ನ ನೌಕರಿಯಲ್ಲಿ ಎಷ್ಟೋ ದೊಡ್ಡ ಜನರ ಹಿಂದೆ ನಡೆದಿದ್ದೇನೆ. ಅಂದು ಆ ಬಕೆಟ್ ಹಿಡಿದು ನಡೆದಷ್ಟು ಎದೆಯುಬ್ಬಿಸಿ ಯಾರ ಹಿಂದೆಯೂ ನಡೆದಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಮಾತ್ರ ಅವರು ಪ್ರಿಂಟುಗಳನ್ನು ಮತ್ತೆ ಮತ್ತೆ ಹೊರತೆಗೆದು ನೋಡುತ್ತಿದ್ದರು. "ಫಿಕರ್ ನನಗ ಹತ್ಕೊಂತು ನೋಡ್ರಿ, ನಿಮ್ಮ ಮಗ್ಗಲ ಕೂತು ಕೂತು" ಅಂದರು.

ಕೆಂಪು ಬಾಳೆ ನಿಧಾನದ ಬೆಳೆ. ಅಕ್ಕೋರು ಗೊನೆ ಬಿಟ್ಟದ್ದನ್ನು ಕಂಡರು, ಹಣ್ಣು ಕಾಣಲಿಲ್ಲ. ಹೋದ ತಿಂಗಳು ಮಧ್ಯಾಹ್ನದ ನಿದ್ದೆಯಲ್ಲೇ ಹೋದರು.

ಹೋದ ವಾರ ಅವರ ತಮ್ಮ ಮೇಲ್ತೋಟದ ಒಂದು ಇಡೀ ಗೊನೆಯನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಬಂದ. ಎಕ್ಸ್‌ರೇ ವಿಭಾಗದ ಬಾಗಿಲಲ್ಲಿ ಇಳಿಸಿ ಹಂಚತೊಡಗಿದ: ಹೊಸ ಹುಡುಗಿಯರಿಗೆ, ಸಾಲಲ್ಲಿ ಕೂತ ರೋಗಿಗಳಿಗೆ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ತಾನೇ ಸುಲಿದು. ದೊಡ್ಡ ಡಾಕ್ಟರೂ ನಿಂತೇ ತಿಂದರು. ನನ್ನ ಮುಂದೆ ಬಂದಾಗ, ನನಗೆ ಸಕ್ಕರೆ ಕಾಯಿಲೆ ಶುರುವಾಗುವ ಲಕ್ಷಣವಿದೆ, ರಿಪೋರ್ಟು ಇನ್ನೂ ಬರಬೇಕು, ಎಂದು ವಿವರವಾಗಿ ಹೇಳಲು ಹೊರಟೆ. ಅವನು ಕಾಯದೆ ಎರಡು ಹಣ್ಣು ಕೈಗಿಟ್ಟು ಮುಂದಿನವರ ಕಡೆ ಹೋದ. ಎರಡನ್ನೂ ತಿಂದೆ. ಮೂರನೆಯದಕ್ಕೆ ಕೈ ಚಾಚುವಷ್ಟರಲ್ಲಿ ಗೊನೆ ಬರಿದಾಗಿತ್ತು.